ಬೆಂಗಳೂರು ಪೇಟೆಯಲ್ಲಿ ಕಸದ ಹಾದಿ

ಬೆಂಗಳೂರನ್ನು ನೋಡಬಂದವರು ಲಾಲ್‌ಬಾಗಿನ ಗಾಜಿನ ಮನೆಯನ್ನೂ ವಿಧಾನಸೌಧವನ್ನೂ ಬಸವನಗುಡಿಯ ದೊಡ್ಡ ಬಸವನನ್ನೂ ನೋಡಿ ಸಂತುಷ್ಟರಾಗಿ ಹಿಂತಿರುಗುವರು. ಇವು ನೋಡತಕ್ಕವೇ ಸರಿ. ಆದರೆ ಒಂದು ಮನೆಯ ಸಂಸಾರವು ಹೇಗೆ ಸಾಗುತ್ತಿದೆಯೆಂಬುದನ್ನು ಬಲ್ಲವರು ಪಡಸಾಲೆಯನ್ನು ನೋಡಿ ತೀರ್ಮಾನಿಸುವುದಿಲ್ಲ. ಹಿತ್ತಿಲ ಬಾಗಿಲನ್ನು ನೋಡುತ್ತಾರೆ. ಊರಿಗೂ ಈ ಮಾತು ಸಲ್ಲುವುದು. ಆದುದರಿಂದ ವಾಚಕ ಮಹಾಶಯರನ್ನು ನಾವು ಈ ಸಲ ಬೆಂಗಳೂರಿನ ಹಿತ್ತಿಲ ಕಡೆಗೆ ಕರೆದೊಯ್ಯುತ್ತೇವೆ. ಪೇಟೆಯ ಅಂಗಡಿಗಳೂ ಹೋಟೆಲುಗಳೂ ದಿನವೂ ಹೊರಗೆ ಹಾಕುವ ವಸ್ತುಗಳು ಎಲ್ಲಿಗೆ ಹೋಗುತ್ತವೆ, ಯಾರ ಕೈಗೆ ಸೇರುತ್ತವೆ, ಕೊನೆಗೆ ಯಾರ ಪಾಲಿಗೆ ಬರುತ್ತವೆ ಎಂಬುದೇ ಈ ಪ್ರಯಾಣದ ವಿಷಯ.

ಹಳೆಯ ಪೇಟೆಯನ್ನು ಕೆಂಪೇಗೌಡರು 1537ರಲ್ಲಿ ಕಟ್ಟಿಸಿದರೆಂಬುದು ಪ್ರಸಿದ್ಧವಾಗಿದೆ. ಅದರ ಬೀದಿಗಳ ಹೆಸರುಗಳು ಅಲ್ಲಿಯ ವ್ಯಾಪಾರವನ್ನು ಇಂದಿಗೂ ಸಾರುತ್ತಿವೆ. ಅಕ್ಕಿಪೇಟೆ, ರಾಗಿಪೇಟೆ, ಬಳೇಪೇಟೆ, ಅರಳೆಪೇಟೆ ಎಂದರೆ ಯಾರಿಗೂ ಅರ್ಥವಿವರಣೆ ಬೇಕಾಗಿಲ್ಲ. ಒಂದೊಂದು ಸರಕಿಗೆ ಒಂದೊಂದು ಬೀದಿ. ಸರಕು ಬೇರೆಯಾದಂತೆ ಅದರ ಉಳಿಕೆಯೂ ಬೇರೆ. ನುಚ್ಚು ತೌಡುಗಳು ದನಕ್ಕೆ, ಚಿಂದಿ ಅರಳೆ ಹಾಸಿಗೆಗೆ, ಹರಕು ಗೋಣಿ ಇನ್ನೊಂದು ಗೋಣಿಯ ತೇಪೆಗೆ. ಉಳಿಕೆಗೂ ಒಬ್ಬ ಗಿರಾಕಿ ಇದ್ದಾಗ ಅದನ್ನು ಕಸವೆಂದು ಕರೆಯುವ ಪ್ರಸಂಗವೇ ಬರುವುದಿಲ್ಲ.

ಈಗಿನ ಸ್ಥಿತಿಯನ್ನು ತಿಳಿಯಲು ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಹೋಗಬೇಕು. ಪೂರ್ವದಲ್ಲಿ ಸಿದ್ದಿಕಟ್ಟೆಯೆಂಬ ಕೆರೆಯಿದ್ದ ಸ್ಥಳವಿದು. 1928ರಲ್ಲಿ ಮಾರುಕಟ್ಟೆಯ ಕಟ್ಟಡವಾಗಿ, ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರನ್ನು ಪಡೆಯಿತು. ಇನ್ನೂ ಕತ್ತಲಿರುವಾಗಲೇ ಇಲ್ಲಿ ಹೂವಿನ ಮೂಟೆಗಳು ಇಳಿಯುತ್ತವೆ. ಸೇವಂತಿಗೆ, ಮಲ್ಲಿಗೆ, ಕನಕಾಂಬರ, ಚೆಂಡುಹೂಗಳ ರಾಶಿಯನ್ನು ನೋಡಿದವರಿಗೆ ದೇವಲೋಕದ ಭ್ರಾಂತಿಯಾಗದಿರದು. ಬಿಸಿಲೇರುವ ಹೊತ್ತಿಗೆ ಅದೇ ಸ್ಥಳದಲ್ಲಿ ಬಾಡಿದ ಹೂ, ಹೂಕೋಸಿನ ಎಲೆ, ಬಾಳೆಯ ದಿಂಡು, ಕೊತ್ತಂಬರಿಯ ಬೇರು, ಎಳನೀರಿನ ಬುರುಡೆಗಳು ರಾಶಿ ಬಿದ್ದಿರುತ್ತವೆ. ಇವೆಲ್ಲವೂ ಮಣ್ಣಿನಿಂದ ಬಂದವು. ಮಣ್ಣಿಗೆ ಹೋಗಲು ಸಿದ್ಧವಾಗಿರುವುವು. ಆದರೆ ಅವುಗಳ ನಡುವೆ ಪ್ಲಾಸ್ಟಿಕ್ ಚೀಲ, ನೈಲಾನ್ ದಾರ, ಚಹಾ ಕುಡಿದು ಎಸೆದ ಲೋಟ, ಒಡೆದ ಗಾಜು ಸೇರಿಕೊಂಡಿರುತ್ತವೆ. ಒಂದೇ ಪೊರಕೆ, ಒಂದೇ ಗುದ್ದಲಿ, ಒಂದೇ ಬಂಡಿ. ಎಲ್ಲವೂ ಒಟ್ಟಿಗೆ ಏರಿ ಹೋಗುವುದನ್ನು ನಾವು ನಿಂತು ನೋಡಿದೆವು.

ಆ ರಾಶಿಯನ್ನು ನೋಡುತ್ತಿದ್ದಾಗ ನಮಗೆ ಅಮರಕೋಶದ ಒಂದು ಶಬ್ದವು ನೆನಪಾಯಿತು. ಪೊರಕೆಯಿಂದ ಗುಡಿಸಿ ಎಸೆದುದಕ್ಕೆ ಅಮರಸಿಂಹನು ಎರಡು ಹೆಸರುಗಳನ್ನು ಕೊಟ್ಟಿದ್ದಾನೆ: ಸಂಕರ, ಅವಕರ. ಈ ಸಂಕರಕ್ಕೂ ಶಿವನ ಹೆಸರಿಗೂ ಸಂಬಂಧವಿಲ್ಲ, ಇದು ದಂತ್ಯಸಕಾರದ್ದು. ಸಂಕರವೆಂದರೆ ಬೆರಕೆ ಎಂಬ ಅರ್ಥವು ಎಲ್ಲರಿಗೂ ತಿಳಿದದ್ದೇ. ಬೆರಕೆಗೂ ಕಸಕ್ಕೂ ಒಂದೇ ಶಬ್ದ! ಉಳಿದುದಕ್ಕೆ ಶೇಷವೆಂತಲೂ, ಉಂಡು ಬಿಟ್ಟುದಕ್ಕೆ ಉಚ್ಛಿಷ್ಟವೆಂತಲೂ, ದೇವರಿಂದ ತೆಗೆದ ಹೂವಿಗೆ ನಿರ್ಮಾಲ್ಯವೆಂತಲೂ ಪ್ರತ್ಯೇಕ ಹೆಸರುಗಳಿವೆ. ಒಂದೊಂದಕ್ಕೂ ಒಂದೊಂದು ಸ್ಥಾನವಿದೆ. ಎಲ್ಲವನ್ನೂ ಕಲಸಿದಾಗ ಮಾತ್ರ ಅದು ಸಂಕರವಾಗುವುದು. ಶಬ್ದಾರ್ಥದ ಈ ಮಾತು ನಿಘಂಟಿಗಷ್ಟೇ ಸಲ್ಲುವುದೋ ಬೀದಿಗೂ ಸಲ್ಲುವುದೋ ಎಂದು ಪರೀಕ್ಷಿಸುತ್ತ ಮುಂದೆ ನಡೆದೆವು.

ಮಾರುಕಟ್ಟೆಯಿಂದ ಚಿಕ್ಕಪೇಟೆಯ ಕಡೆಗೆ ತಿರುಗಿದರೆ ಹಸಿಯ ಕಸವು ಕಡಿಮೆಯಾಗಿ ಒಣ ಕಸವು ಹೆಚ್ಚುವುದು. ಜವಳಿ ಅಂಗಡಿಗಳ ಮುಂದೆ ರಟ್ಟಿನ ಪೆಟ್ಟಿಗೆ, ಸೀರೆಯ ಮೇಲಿನ ತೆಳು ಪ್ಲಾಸ್ಟಿಕ್ ಹೊದಿಕೆ, ಕಾಗದದ ಚೂರು. ರಾತ್ರಿ ಅಂಗಡಿಗಳ ಬಾಗಿಲು ಹಾಕುವ ಹೊತ್ತಿಗೆ ದೊಡ್ಡ ಚೀಲಗಳನ್ನು ಹೆಗಲಿಗೇರಿಸಿದ ಹೆಂಗಸರೂ ಗಂಡಸರೂ ಬಂದು ರಟ್ಟನ್ನೂ ಬಾಟಲಿಯನ್ನೂ ಆಯ್ದುಕೊಳ್ಳುತ್ತಾರೆ. ಅವರು ಆಯ್ದುದೆಲ್ಲವೂ ಗುಜರಿ ಅಂಗಡಿಗೆ, ಅಲ್ಲಿಂದ ಮಾರುಕಟ್ಟೆಗೆ ಸಮೀಪದಲ್ಲಿಯೇ ಇರುವ ಜಾಲಿ ಮೊಹಲ್ಲಾದಂತಹ ಸಗಟು ವ್ಯಾಪಾರದ ಸ್ಥಳಗಳಿಗೆ ಹೋಗುವುದು.

ಜಾಲಿ ಮೊಹಲ್ಲಾದ ಓಣಿಗಳು ಕಿರಿದಾದವು. ಇಬ್ಬದಿಯ ಮಳಿಗೆಗಳಲ್ಲಿ ಸೂರಿನವರೆಗೆ ಸರಕು ತುಂಬಿರುವುದು. ಹೊರಗಿನವರ ಕಣ್ಣಿಗೆ ಅದು ಕಸದ ಬೆಟ್ಟ; ಒಳಗಿನವರ ಕಣ್ಣಿಗೆ ಹತ್ತಾರು ದರದ ಪದಾರ್ಥ. ಬಿಳಿಯ ಕಾಗದಕ್ಕೆ ಒಂದು ರಾಶಿ, ಅಚ್ಚಾದ ವೃತ್ತಪತ್ರಿಕೆಗೆ ಒಂದು, ರಟ್ಟಿಗೆ ಒಂದು; ಹಾಲಿನ ಚೀಲ ಬೇರೆ, ನೀರಿನ ಬಾಟಲಿ ಬೇರೆ, ಗಟ್ಟಿ ಪ್ಲಾಸ್ಟಿಕ್ ಬೇರೆ; ತಾಮ್ರ, ಹಿತ್ತಾಳೆ, ಅಲ್ಯೂಮಿನಿಯಂ ಬೇರೆ ಬೇರೆ. ವ್ಯಾಕರಣದಲ್ಲಿ ಪದವಿಭಾಗ ಮಾಡುವ ವಿದ್ಯಾರ್ಥಿಯೂ ಇಷ್ಟು ಚುರುಕಾಗಿ ಮಾಡಲಾರನು. ರಟ್ಟು ತೂಗುತ್ತಿದ್ದ ವೃದ್ಧ ವ್ಯಾಪಾರಿಯನ್ನು, "ಸಾಹೇಬರೇ, ಇದರಲ್ಲಿ ನಷ್ಟವಾಗುವುದು ಯಾವಾಗ?" ಎಂದು ಕೇಳಿದೆವು. ಅವರು ತಕ್ಕಡಿಯಿಂದ ಕಣ್ಣು ತೆಗೆಯದೆಯೇ, "ಒಣಗಿದ್ದರೆ ರಟ್ಟು ಸ್ವಾಮಿ, ಸಾರು ಬಿದ್ದರೆ ಕಸ. ಅಷ್ಟೇ ವ್ಯತ್ಯಾಸ" ಎಂದರು.

ಅವರ ಮಾತಿನಲ್ಲಿ ಶಾಸ್ತ್ರವಿದೆ. ಹಳೆಯ ಕಾಗದವನ್ನು ನೀರಿನಲ್ಲಿ ಅರೆದು ತಿರುಳು ಮಾಡಿ ಮತ್ತೆ ಕಾಗದ ಮಾಡುವರು. ಪ್ರತಿ ಸಲವೂ ಅದರ ನಾರು ಗಿಡ್ಡವಾಗುತ್ತ ಹೋಗುವುದರಿಂದ ಕಾಗದಕ್ಕೆ ಪುನರ್ಜನ್ಮಗಳು ಕೆಲವು ಮಾತ್ರ. ಎಣ್ಣೆ, ಸಾರು ತಾಗಿದರೆ ಅವೂ ಇಲ್ಲ. ಗಾಜನ್ನೂ ಲೋಹವನ್ನೂ ಎಷ್ಟು ಸಲ ಕರಗಿಸಿದರೂ ಗುಣ ಕೆಡುವುದಿಲ್ಲ. ಅದಿರಿನಿಂದ ಅಲ್ಯೂಮಿನಿಯಂ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ನೂರಕ್ಕೆ ಸುಮಾರು 95 ಪಾಲು ಹಳೆಯದನ್ನು ಕರಗಿಸುವುದರಿಂದ ಉಳಿಯುತ್ತದೆ. ಕುರುಕಲು ತಿಂಡಿಯ ಮಿರುಗುವ ಪೊಟ್ಟಣಕ್ಕೆ ಮಾತ್ರ ಇಲ್ಲಿ ಗಿರಾಕಿಯಿಲ್ಲ. ಕಾರಣ, ಅದು ಪ್ಲಾಸ್ಟಿಕ್ಕನ್ನೂ ಲೋಹದ ಪದರವನ್ನೂ ಬಿಡಿಸಲಾರದಂತೆ ಅಂಟಿಸಿ ಮಾಡಿದ್ದು. ಕಾರ್ಖಾನೆಯಲ್ಲಿಯೇ ಸಂಕರವಾಗಿ ಹುಟ್ಟಿದ್ದು.

ಒಂದು ಮಳಿಗೆಯ ಹಿಂಭಾಗದಲ್ಲಿ ನಾಲ್ವರು ಹೆಂಗಸರು ನೆಲದ ಮೇಲೆ ಕುಳಿತು ಆರಿಸುತ್ತಿದ್ದರು. ಒಬ್ಬಾಕೆಯ ಅಂಗೈಯಲ್ಲಿ ಬಟ್ಟೆ ಸುತ್ತಿತ್ತು. "ಏನಾಯಿತಮ್ಮ?" ಎಂದು ಕೇಳಿದ್ದಕ್ಕೆ, "ಅನ್ನದೊಳಗೆ ಗಾಜಿತ್ತು ಅಯ್ಯ, ಕಾಣಲಿಲ್ಲ" ಎಂದಳು. ಯಾರೋ ಒಂದು ಲೋಟವನ್ನು ಒಡೆದರು. ಉಳಿದ ಅನ್ನದ ಚೀಲದಲ್ಲಿ ಅದನ್ನು ಹಾಕಿ ಗಂಟು ಕಟ್ಟಿದರು. ಗಂಟು ಬಿಚ್ಚಿದ ಕೈ ಈಕೆಯದು. ಇಂತಹ ಕೆಲಸಗಾರರಿಗೆ ಬೆಂಗಳೂರಿನ ನಗರಪಾಲಿಕೆಯು 2011ರಲ್ಲಿ ಗುರುತಿನ ಚೀಟಿಗಳನ್ನು ಕೊಡಲಾರಂಭಿಸಿತು. ವಾರ್ಡುಗಳಲ್ಲಿ ಆದ ಒಣ ಕಸ ಸಂಗ್ರಹ ಕೇಂದ್ರಗಳಲ್ಲಿ ಹಲವನ್ನು ಆಯುವವರೇ ನಡೆಸುವಂತಾಯಿತು. ಇದು ಶ್ಲಾಘ್ಯವಾದ ಕಾರ್ಯ. ಆದರೆ ಚೀಟಿಯು ಗಾಜನ್ನು ತಡೆಯಲಾರದು. ಚೀಲವನ್ನು ಕಟ್ಟುವವರು ಮಾತ್ರ ತಡೆಯಬಲ್ಲರು.

ಇನ್ನು ಹೋಟೆಲುಗಳ ವಿಚಾರ. ಮನೆಯಲ್ಲಿ ಹಸುವಿದ್ದ ಕಾಲದಲ್ಲಿ ಅಕ್ಕಿ ತೊಳೆದ ನೀರು, ತರಕಾರಿಯ ಸಿಪ್ಪೆಗಳು ಕಲಗಚ್ಚಿನ ಬಾನಿಗೆ ಹೋಗುತ್ತಿದ್ದುವು. ಹೋಟೆಲಿನ ಮುಸುರೆಯನ್ನು ಹಂದಿ ಸಾಕುವವರು ಕೊಂಡೊಯ್ಯುವುದು ಬೆಂಗಳೂರಿನಲ್ಲಿ ಈಗಲೂ ಉಂಟು. ಉಳಿದುದಕ್ಕೆ ಎರಡು ಮಾರ್ಗಗಳು. ಗಾಳಿಯಾಡುವಂತೆ ಒಣ ಎಲೆಗಳೊಡನೆ ಪೇರಿಸಿದರೆ ರಾಶಿಯು ತಾನಾಗಿಯೇ 55ರಿಂದ 65 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯ್ದು, ರೋಗದ ಕ್ರಿಮಿಗಳೂ ಕಳೆಯ ಬೀಜಗಳೂ ಸತ್ತು, ಕೆಲವು ವಾರಗಳಲ್ಲಿ ಗೊಬ್ಬರವಾಗುವುದು. ಗಾಳಿಯಿಲ್ಲದ ತೊಟ್ಟಿಯಲ್ಲಿಟ್ಟರೆ ಉರಿಯುವ ಅನಿಲ ಬಂದು ಅಡಿಗೆಗೇ ಒದಗುವುದು. ನಗರದ ಕಸದಿಂದ ಗೊಬ್ಬರ ಮಾಡಲೆಂದು ರಾಜ್ಯ ಸರ್ಕಾರವು 1975ರಲ್ಲಿಯೇ ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿತು. ವಿದ್ಯೆ ಹೊಸದಲ್ಲ. ಆದರೆ ಗಾಜು, ಪ್ಲಾಸ್ಟಿಕ್, ಬ್ಯಾಟರಿಗಳು ಬೆರೆತ ಗೊಬ್ಬರವನ್ನು ಯಾವ ರೈತನು ತನ್ನ ಹೊಲಕ್ಕೆ ಹಾಕಿಯಾನು?

ಬೆರೆತು ಹೋದುದರ ಗತಿಯನ್ನು ತಿಳಿಯಲು ನಾವು ನಗರದ ಪೂರ್ವಕ್ಕೆ, ಹಳೆಯ ಮದರಾಸು ರಸ್ತೆಯ ಕಡೆ, ಮಂಡೂರಿನವರೆಗೆ ಹೋದೆವು. ಹೊಲ ತೋಟಗಳ ಗ್ರಾಮವದು. ನಗರದ ಲಾರಿಗಳು ವರ್ಷಗಟ್ಟಲೆ ಅಲ್ಲಿ ಬೆರಕೆಯ ಕಸವನ್ನು ಸುರಿದುವು. 2012ರಲ್ಲಿ ಉತ್ತರದ ಮಾವಳ್ಳಿಪುರದ ಕಸದ ನೆಲೆಯು ಮುಚ್ಚಿದಾಗ ಬೆಂಗಳೂರಿನ ಬೀದಿಗಳಲ್ಲಿ ಕಸವು ಗುಡ್ಡೆಯಾಗಿ ನಿಂತುದನ್ನು ವಾಚಕರು ಮರೆತಿರಲಾರರು. ಮಂಡೂರಿನ ಮೇಲಿನ ಹೊರೆ ಇನ್ನೂ ಹೆಚ್ಚಿತು. ಅಲ್ಲಿಯ ಜನರು ರಸ್ತೆಗಿಳಿದು ಲಾರಿಗಳನ್ನು ತಡೆದರು. ಕೊನೆಗೆ 2014ರ ಡಿಸೆಂಬರ್ 1ರಿಂದ ಅಲ್ಲಿ ಸುರಿಯುವುದು ನಿಂತಿತು. ಆ ಬಳಿಕ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಗಣಿಯ ಹಳ್ಳಗಳ ಸರದಿ ಬಂದಿತು.

ಹಸಿಯ ಪದಾರ್ಥವು ಗಾಳಿಯಿಲ್ಲದೆ ರಾಶಿಯಡಿಯಲ್ಲಿ ಕೊಳೆತಾಗ ಮೀಥೇನ್ ಎಂಬ ಅನಿಲವು ಹುಟ್ಟಿ, ಒಮ್ಮೊಮ್ಮೆ ಹೊತ್ತಿಕೊಂಡು ದಿನಗಟ್ಟಲೆ ಹೊಗೆಯಾಡುವುದು. ಅದರ ಕಪ್ಪು ರಸವು ಬ್ಯಾಟರಿಯ ಸೀಸವನ್ನೂ ಕೊಳವೆದೀಪದ ಪಾದರಸವನ್ನೂ ಕರಗಿಸಿಕೊಂಡು ನೆಲಕ್ಕಿಳಿದು ಅಂತರ್ಜಲವನ್ನು ಸೇರುವುದು. ಲಾರಿಯನ್ನು ನಿಲ್ಲಿಸಬಹುದು, ಬಾವಿಗೆ ಇಳಿದುದನ್ನು ಹಿಂದಕ್ಕೆ ಕರೆಯಲಾಗದು. ಚಿಕ್ಕಪೇಟೆಯಲ್ಲಿ ಲಾಭ ಎಣಿಸಿದವರೂ ಹೋಟೆಲಿನಲ್ಲಿ ಊಟ ಮಾಡಿದ ನಾವೂ ಒಂದು ಕಡೆ. ಆ ನೀರನ್ನು ಸೇದಿದವರು ಇನ್ನೊಂದು ಕಡೆ. ಅವರು ನಮ್ಮಿಂದ ಏನನ್ನೂ ಕೊಂಡಿರಲಿಲ್ಲ.

ಕಾನೂನಿಗೆ ಕೊರತೆಯಿಲ್ಲ. ಉಚ್ಚ ನ್ಯಾಯಾಲಯದ ಆಜ್ಞೆಯಂತೆ 2015ರ ಡಿಸೆಂಬರಿನಲ್ಲಿ ಬೆಂಗಳೂರಿಗೆ ಎರಡು ಬುಟ್ಟಿ, ಒಂದು ಚೀಲದ ಪದ್ಧತಿ ಬಂದಿತು: ಹಸಿಗೆ ಹಸಿರು ಬುಟ್ಟಿ, ನಿರುಪಯುಕ್ತ ಮಲಿನ ವಸ್ತುಗಳಿಗೆ ಕೆಂಪು ಬುಟ್ಟಿ, ಒಣಕ್ಕೆ ಚೀಲ. ಕೇಂದ್ರ ಸರ್ಕಾರದ 2016ರ ನಿಯಮಗಳು ದಿನಕ್ಕೆ 100 ಕಿಲೋಗ್ರಾಮಿಗಿಂತ ಹೆಚ್ಚು ಕಸ ಮಾಡುವವರನ್ನು ಪ್ರತ್ಯೇಕವಾಗಿ ಗುರುತಿಸಿ, ಹೋಟೆಲುಗಳಿಗೂ ಬೀದಿಯ ವ್ಯಾಪಾರಿಗಳಿಗೂ ಕರ್ತವ್ಯವನ್ನು ವಿಧಿಸಿದುವು. ವರ್ತಕರನ್ನು ವಿಚಾರಿಸಿದರೆ ಅವರ ಅಹವಾಲೂ ನ್ಯಾಯವಾದುದೇ: ಅಂಗಡಿಯಲ್ಲಿ ಸ್ಥಳವಿಲ್ಲ, ಆಳು ಸಿಗುವುದಿಲ್ಲ, ಬೇರೆ ಮಾಡಿಟ್ಟದ್ದನ್ನು ಬಂಡಿಯವರು ಪುನಃ ಬೆರೆಸುತ್ತಾರೆ. ಕೊನೆಯದು ಅಧಿಕಾರಿಗಳು ತಿದ್ದಬೇಕಾದ ದೋಷ. ಮೊದಲಿನೆರಡಕ್ಕೆ ಉತ್ತರವು ಜಾಲಿ ಮೊಹಲ್ಲಾದಲ್ಲಿಯೇ ಇದೆ. ಬೇರೆಯಿಟ್ಟ ರಟ್ಟು ದುಡ್ಡು ತರುತ್ತದೆ. ಬೆರೆತ ರಟ್ಟನ್ನು ಸಾಗಿಸಲು ದುಡ್ಡು ಕೊಡಬೇಕು. ಹುಟ್ಟಿದ ಕ್ಷಣದಲ್ಲಿ ಬೇರೆಯಿಡಲು ಒಂದು ಹೆಚ್ಚಿನ ಬುಟ್ಟಿ ಸಾಕು. ಬೆರೆತ ಮೇಲೆ ಬಿಡಿಸಲು ನಾಲ್ವರು ಹೆಂಗಸರ ಒಂದು ದಿನ ಬೇಕು.

ಗೃಹಸ್ಥರಾದ ವಾಚಕರಿಗೂ ಇಲ್ಲಿ ಕೆಲಸವಿದೆ. ಅಂಗಡಿಯವರು ಗಿರಾಕಿಯ ಮುಖವನ್ನು ನೋಡಿ ನಡೆಯತಕ್ಕವರು. 2016ರ ಮಾರ್ಚಿಯಲ್ಲಿ ಕರ್ನಾಟಕ ಸರ್ಕಾರವು ಪ್ಲಾಸ್ಟಿಕ್ ಕೈಚೀಲಗಳನ್ನು ನಿಷೇಧಿಸಿದರೂ ನಾವು ಕೈ ಬೀಸಿಕೊಂಡು ಹೋದಲ್ಲೆಲ್ಲ ಅವು ಹೊರಬರುತ್ತಲೇ ಇವೆ. ಬಟ್ಟೆಯ ಚೀಲವನ್ನು ಒಯ್ಯುವುದು, ಕಾಯಂ ಊಟದ ಹೋಟೆಲಿನ ಯಜಮಾನರನ್ನು "ಮುಸುರೆಯನ್ನು ಎಲ್ಲಿಗೆ ಕಳುಹಿಸುತ್ತೀರಿ?" ಎಂದು ವಿನಯದಿಂದ ಕೇಳುವುದು, ಮನೆಯಲ್ಲಿ ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ ಮೇಲೆ ಗುರುತು ಮಾಡಿಡುವುದು, ಇವು ಮೂರೂ ಖರ್ಚಿಲ್ಲದವು. ಮಕ್ಕಳ ಕೈಯಲ್ಲಿಯೇ ಮಾಡಿಸಿದರೆ ಇನ್ನೂ ಒಳ್ಳೆಯದು. ಕಾಗದದ ಮೇಲೆ "ಗಾಜು" ಎಂದು ಬರೆಯಲು ಬೇಕಾಗುವುದು ಎರಡೇ ಅಕ್ಷರ.