ಸದ್ದು ಮಾಡದ ವಾದ್ಯ

ಪೆಟ್ಟಿಗೆ ಬಿಚ್ಚಿ ಮೇಜಿನ ಮೇಲಿಟ್ಟು, ಮಗಳಿಗಿಂತ ಮೊದಲು ನಾನೇ ಒಂದು ಬಿಳಿ ಕೀಲಿ ಒತ್ತಿದೆ. ಸದ್ದಿಲ್ಲ. ಇನ್ನೊಂದು ಒತ್ತಿದೆ. ಅದೂ ಇಲ್ಲ. 8,000 ರೂಪಾಯಿ ನೀರಿಗೆ ಬಿತ್ತೆಂದು ಎದೆ ಧಸಕ್ಕೆಂದಿತು. ಮಗಳು ನಕ್ಕಳು. “ಅಪ್ಪಾ, ಅದರಲ್ಲಿ ಸದ್ದು ಇರೋದೇ ಇಲ್ಲ.” ಅಡುಗೆಮನೆಯಿಂದ ನನ್ನಾಕೆಯ ಧ್ವನಿ ಬಂತು: “ಸದ್ದಿಲ್ಲದ ವಾದ್ಯಕ್ಕೆ ಅಷ್ಟು ದುಡ್ಡು ಕೊಟ್ಟು ಬಂದಿರಾ?”

ಎಂಟು ವರ್ಷ ಸಂಗೀತ ಪಾಠ ಕಲಿತ ಹುಡುಗಿ. ಹತ್ತನೆಯ ತರಗತಿಯ ಗಡಿಬಿಡಿಯಲ್ಲಿ ಪಾಠ ನಿಂತಿತು. ಆಮೇಲೆ ಹಾಡುವುದೂ ನಿಂತಿತು. ಪಿ.ಯು.ಸಿ.ಗೆ ಸೇರಿದ ಮೇಲೆ ಒಂದು ದಿನ, ಕಂಪ್ಯೂಟರಿನಲ್ಲಿ ರಾಗ ಸಂಯೋಜನೆ ಮಾಡುತ್ತೇನೆ, ಮಿಡಿ ಕಂಟ್ರೋಲರ್ ಬೇಕು ಎಂದಳು. ನಮ್ಮ ಕಡೆ ಮಿಡಿ ಎಂದರೆ ಉಪ್ಪಿನಕಾಯಿಗೆ ಹಾಕುವ ಎಳೆ ಮಾವು. ತಂತಿ ಮಿಡಿಯುವುದು ಎಂಬ ಮಾತೂ ಉಂಟು. ಇದು ಎರಡೂ ಅಲ್ಲ.

ಈ ಕೀಲಿಮಣೆ ಕಂಪ್ಯೂಟರಿಗೆ ಕಳಿಸುವುದು ಬರಿಯ ಅಂಕಿಗಳನ್ನು. ಕೀಲಿ ಒತ್ತಿದೊಡನೆ ಮೂರು ಅಂಕಿ ಹೊರಡುತ್ತವೆ: ‘ಒತ್ತಿದೆ’ ಎಂಬುದಕ್ಕೆ ಒಂದು, ಯಾವ ಕೀಲಿ ಎಂಬುದಕ್ಕೆ ಒಂದು, ಎಷ್ಟು ಜೋರಾಗಿ ಎಂಬುದಕ್ಕೆ ಒಂದು. ಪಿಯಾನೋದ ನಡುವಿನ ‘ಸಿ’ ಸ್ವರದ ಸಂಖ್ಯೆ 60. 440 ಹರ್ಟ್ಜ್‌ನ ‘ಎ’ ಸ್ವರದ್ದು 69. ಅದನ್ನು ವೀಣೆಯಾಗಿಸುವುದೋ ಕೊಳಲಾಗಿಸುವುದೋ ಕಂಪ್ಯೂಟರಿನೊಳಗಿನ ತಂತ್ರಾಂಶದ ಕೆಲಸ. 1983ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ವಾದ್ಯ ಪ್ರದರ್ಶನವೊಂದರಲ್ಲಿ, ಅಮೆರಿಕದ ಡೇವ್ ಸ್ಮಿತ್ ಅವರ ಕಂಪನಿಯ ವಾದ್ಯವೂ ಜಪಾನಿನ ಇಕುತಾರೊ ಕಾಕೆಹಾಶಿಯವರ ರೋಲ್ಯಾಂಡ್ ಕಂಪನಿಯ ವಾದ್ಯವೂ ಈ ಭಾಷೆಯಲ್ಲಿ ಮಾತಾಡಿಕೊಂಡವು. ಬದ್ಧ ಪ್ರತಿಸ್ಪರ್ಧಿಗಳು ಒಂದು ಭಾಷೆಗೆ ಒಪ್ಪಿದ್ದು ದೊಡ್ಡ ಮಾತು. 2013ರಲ್ಲಿ ಇಬ್ಬರಿಗೂ ತಾಂತ್ರಿಕ ಗ್ರ್ಯಾಮಿ ಪ್ರಶಸ್ತಿ ಬಂತು.

ಇಷ್ಟೆಲ್ಲ ನಾನು ತಿಳಿದದ್ದು ಕೊಂಡ ಮೇಲೆ. ಕೊಳ್ಳುವಾಗ ಗುಂಡಿಗಳನ್ನು ಎಣಿಸಿದ್ದೆ. 25 ಚಿಕ್ಕ ಕೀಲಿಗಳು, ಎಂಟು ತಿರುಪುಗಳು, ಎಂಟು ಬಣ್ಣದ ದೀಪದ ಚೌಕಗಳು. ಅದೇ ಬೆಲೆಯಲ್ಲಿ ಪಕ್ಕದಲ್ಲಿದ್ದ ಬೋಳು ಕೀಲಿಮಣೆಗಿಂತ ಇದು ಲಾಭವೆನಿಸಿತು. ಮಗಳನ್ನು ಕರೆದುಕೊಂಡು ಹೋಗಿರಲಿಲ್ಲ, ಆಶ್ಚರ್ಯಪಡಿಸಬೇಕೆಂಬ ಚಪಲ.

ಎರಡು ತಿಂಗಳಲ್ಲಿ ಅದು ಬೀರು ಸೇರಿತು. “ನಿನ್ನದು ಯಾವಾಗಲೂ ಮೂರು ದಿನದ ಉತ್ಸಾಹ. ಸಂಗೀತ ಬಿಟ್ಟೆ, ಇದನ್ನೂ ಬಿಟ್ಟೆ” ಎಂದೆ. ಅವಳು ಎದುರು ಮಾತಾಡಲಿಲ್ಲ. ಅಪ್ಪ ಪ್ರೀತಿಯಿಂದ ತಂದದ್ದನ್ನು ಚೆನ್ನಾಗಿಲ್ಲ ಎನ್ನುವುದು ಹೇಗೆ? ಅದು ನನಗೆ ಹೊಳೆಯಲಿಲ್ಲ.

ಹೊಳೆದದ್ದು ಒಂದು ಭಾನುವಾರ. ಶಾಲೆಯಲ್ಲಿ ಶಬ್ದದ ಪಾಠಕ್ಕೆ ಬಳಸಬಹುದೆಂದು ಬೀರುವಿನಿಂದ ತೆಗೆದೆ. ಚಿಕ್ಕವನಾಗಿದ್ದಾಗ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಒತ್ತಿದ ಬೆರಳುಗಳು ನನ್ನವು. ಒಂದು ಕೀಲಿ ಒತ್ತಲು ಹೋದರೆ ಎರಡು ಒತ್ತುತ್ತಿದ್ದವು. ಎರಡೂ ಕೈ ಇಟ್ಟರೆ ಹೆಬ್ಬೆರಳುಗಳು ಜಗಳಕ್ಕೆ ನಿಲ್ಲುತ್ತಿದ್ದವು. ಮೆಲ್ಲಗೆ ಒತ್ತಿದರೆ ಏನೂ ಇಲ್ಲ. ಕೊಂಚ ಬಿಗಿ ಮಾಡಿದರೆ ಕಿರುಚು. ನಡುವೆ ಏನೂ ಸಿಗಲಿಲ್ಲ. ಹಾಡುವ ಹುಡುಗಿಗೆ ಬೇಕಾದದ್ದೆಲ್ಲ ಇರುವುದು ಆ ನಡುವಿನಲ್ಲಿ.

ಕಾರಣ ಹುಡುಕಿದೆ. ಇದು ಅಳೆಯುವುದು ಬಲವನ್ನಲ್ಲ, ವೇಗವನ್ನು! ಬಹುಪಾಲು ಕೀಲಿಮಣೆಗಳಲ್ಲಿ ಪ್ರತಿ ಕೀಲಿಯ ಕೆಳಗೆ ಎರಡು ಸಂಪರ್ಕ ಬಿಂದುಗಳಿರುತ್ತವೆ. ಮೊದಲನೆಯದು ಮುಟ್ಟಿದ್ದಕ್ಕೂ ಎರಡನೆಯದು ಮುಟ್ಟಿದ್ದಕ್ಕೂ ನಡುವಿನ ಕಾಲವನ್ನು ಲೆಕ್ಕ ಹಾಕಿ 1ರಿಂದ 127ರೊಳಗಿನ ಒಂದು ಅಂಕಿ ಕೊಡುತ್ತದೆ. ದೂರ ನಿಗದಿ, ಕಾಲ ಕಡಿಮೆಯಾದಷ್ಟೂ ವೇಗ ಹೆಚ್ಚು. ಒಂಬತ್ತನೆಯ ತರಗತಿಗೆ ವರ್ಷ ವರ್ಷ ಬರೆಸುವ ಸೂತ್ರ. ಕೀಲಿ ಇಳಿಯುವ ಆಳ ಕಡಿಮೆಯಾದರೆ ಬೆರಳಿಗೆ ಈ ವೇಗವನ್ನು ಹದ ಮಾಡಲು ಜಾಗವೇ ಉಳಿಯದು. ಕೆಲವು ಉಪಕರಣಗಳಲ್ಲಿ ಈ ಲೆಕ್ಕವನ್ನು ತಿದ್ದಿಕೊಳ್ಳುವ ಸೌಲಭ್ಯವಿದೆ. ನಾನು ತಂದದ್ದರಲ್ಲಿ ಇರಲಿಲ್ಲ.

ಇನ್ನೊಂದು ಕೊರತೆ ನಮ್ಮ ಸಂಗೀತಕ್ಕೇ ಸಂಬಂಧಿಸಿದ್ದು. ಹನ್ನೆರಡು ಸ್ಥಿರ ಸ್ವರಗಳ ಕೀಲಿಮಣೆಯಲ್ಲಿ ಗಮಕ ಬರುವುದಿಲ್ಲ. ತೋಡಿಯ ಗಾಂಧಾರ ಅಲುಗದೆ ನಿಂತರೆ ಅದು ತೋಡಿಯೇ? ಈ ತಕರಾರಿಗಾಗಿಯೇ 1940ರಲ್ಲಿ ಆಲ್ ಇಂಡಿಯಾ ರೇಡಿಯೊ ಹಾರ್ಮೋನಿಯಂ ಅನ್ನು ಹೊರಗಿಟ್ಟಿತು; ಅದು ಷರತ್ತುಗಳೊಂದಿಗೆ ಮರಳಿದ್ದು 1971ರಲ್ಲಿ. ಮಿಡಿ ಕೀಲಿಮಣೆಗೆ ಒಂದು ಪರಿಹಾರವಿದೆ. ಎಡತುದಿಯಲ್ಲಿ ಒಂದು ಚಕ್ರವಿರುತ್ತದೆ, ಪಿಚ್ ಬೆಂಡ್ ಎನ್ನುತ್ತಾರೆ. ಬಲಗೈ ಕೀಲಿ ಹಿಡಿದಿರುವಾಗ ಎಡಗೈ ಚಕ್ರ ಹೊರಳಿಸಿದರೆ ಸ್ವರ ಜಾರುತ್ತದೆ. ಸಾಮಾನ್ಯವಾಗಿ ಮೇಲಕ್ಕೆ ಎರಡು ಅರ್ಧಸ್ವರ, ಕೆಳಕ್ಕೆ ಎರಡು. ತಂತ್ರಾಂಶದಲ್ಲಿ ಬೇಕಾದಂತೆ ಹಿಗ್ಗಿಸಬಹುದು. ಕೀಲಿಯ ವೇಗಕ್ಕೆ ಬರಿ 127 ಮೆಟ್ಟಿಲಾದರೆ ಈ ಚಕ್ರಕ್ಕೆ 16,384 ಮೆಟ್ಟಿಲು, ಹಾಗಾಗಿ ಜಾರು ನುಣುಪಾಗಿರುತ್ತದೆ. ನಾನು ತಂದದ್ದರಲ್ಲಿ ಚಕ್ರದ ಬದಲು ಎರಡು ಗುಂಡಿಗಳಿದ್ದವು. ಗುಂಡಿ ಒತ್ತಿ ಗಮಕ ತೆಗೆಯುವುದೆಂದರೆ ಸ್ವಿಚ್ಚು ಹಾಕಿ ತೊಟ್ಟಿಲು ತೂಗಿದ ಹಾಗೆ. ಪ್ರತಿ ಬೆರಳೂ ಬೇರೆಬೇರೆಯಾಗಿ ಸ್ವರ ಜಾರಿಸಬಲ್ಲ ಎಂ.ಪಿ.ಇ. ಎಂಬ ಪದ್ಧತಿ 2018ರಲ್ಲಿ ಅಧಿಕೃತವಾಗಿದೆ. ಮಾಸ್ತರನ ಸಂಬಳಕ್ಕೆ ಅದು ದೂರದ ಬೆಟ್ಟ.

ಸಂಜೆ ಮಗಳನ್ನು ಕೂರಿಸಿಕೊಂಡು, “ತಪ್ಪು ನಿನ್ನದಲ್ಲ, ನಾನು ತಂದದ್ದೇ ಸರಿಯಿಲ್ಲ” ಎಂದೆ. ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, “ನನಗೆ ಚಕ್ರ ಇರೋದು ಬೇಕಿತ್ತು” ಎಂದಳು. ಎರಡು ತಿಂಗಳಲ್ಲಿ ಆ ಒಂದು ಮಾತು ಕೇಳುವ ಪುರಸೊತ್ತು ನನಗಿರಲಿಲ್ಲ.

ಈ ಸಲ ಅಂಗಡಿಗೆ ಇಬ್ಬರೂ ಹೋದೆವು, ಲ್ಯಾಪ್‌ಟಾಪ್ ಹೊತ್ತುಕೊಂಡು. ಬರುವ ಅಂಕಿಗಳನ್ನು ಪರದೆಯ ಮೇಲೆ ತೋರಿಸುವ ಉಚಿತ ತಂತ್ರಾಂಶಗಳಿವೆ. ಒಂದೇ ಕೀಲಿಯನ್ನು ಅವಳು ಅತಿ ಮೆಲ್ಲಗಿನಿಂದ ಜೋರಿನವರೆಗೆ ಹತ್ತು ಸಲ ಒತ್ತಬೇಕು. ನಾನು ಪ್ರಯೋಗಶಾಲೆಯ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಒಂದು ಕೀಲಿಮಣೆ 20, 34, 51, 68 ಎಂದು ಮೆಟ್ಟಿಲು ಹತ್ತಿತು. ಇನ್ನೊಂದು 40ರಿಂದ ಒಮ್ಮೆಗೇ 100ಕ್ಕೆ ನೆಗೆಯಿತು. ಅಂಗಡಿಯವರು ಮೊದಲು ಬೇಸರಪಟ್ಟರು, ಆಮೇಲೆ ತಾವೇ ಬಂದು ಒತ್ತಿ ನೋಡಿದರು.

88 ಕೀಲಿಗಳ, ಸುತ್ತಿಗೆಯ ಭಾರವಿರುವಂಥದು ಪಿಯಾನೋ ಕಲಿಯುವವರಿಗೆ. ಅದಕ್ಕೆ ನಮ್ಮ ಮನೆಯಲ್ಲಿ ಮೇಜೂ ಇಲ್ಲ. 25ರದ್ದು ಕೆಟ್ಟದ್ದೆಂದಲ್ಲ; ಚೀಲದಲ್ಲಿಟ್ಟು ಓಡಾಡುವವರಿಗೆ, ತಾಳದ ತುಣುಕು ಜೋಡಿಸುವವರಿಗೆ ಸಾಕು. ನಾವು ತಂದದ್ದು 49 ಪೂರ್ಣ ಗಾತ್ರದ ಕೀಲಿಗಳದ್ದು. ನಾಲ್ಕು ಸ್ಥಾಯಿ, ಒಂದು ಒಳ್ಳೆಯ ಚಕ್ರ, ದೀಪ ಗೀಪ ಇಲ್ಲ.

ಮನೆಗೆ ತಂದ ಮರುದಿನವೇ ಗಾಬರಿ. ಕೀಲಿ ಒತ್ತಿದ ಮೇಲೆ ಸದ್ದು ತಡವಾಗಿ ಬರುತ್ತಿದೆ ಎಂದಳು. ಹಿಂದಿರುಗಿಸಲು ಹೊರಟವನು ಲೆಕ್ಕ ಹಾಕಿದೆ. 1983ರ ಹಳೆಯ ತಂತಿಯಲ್ಲೇ ಸೆಕೆಂಡಿಗೆ 31,250 ಬಿಟ್ ಹರಿಯುತ್ತವೆ. ಮೂರು ಅಂಕಿಗೆ 30 ಬಿಟ್. ಅಂದರೆ ಒಂದು ಮಿಲಿಸೆಕೆಂಡ್‌ಗಿಂತಲೂ ಕಡಿಮೆ. ತಪ್ಪು ಕೀಲಿಮಣೆಯದ್ದಲ್ಲ. ಅವಳ ಕಿವಿಯಲ್ಲಿದ್ದದ್ದು ತಂತಿರಹಿತ ಹೆಡ್‌ಫೋನು. ಬ್ಲೂಟೂತ್‌ನಲ್ಲಿ ಶಬ್ದ ಬಂದು ಮುಟ್ಟಲು ಬೆರಳು ಸಹಿಸಲಾರದಷ್ಟು ಹೊತ್ತು ಹಿಡಿಯುತ್ತದೆ. ನನ್ನ ಹಳೆಯ ತಂತಿಯ ಹೆಡ್‌ಫೋನು ಹಾಕಿದ್ದೇ ಅರ್ಧ ತೊಂದರೆ ಹೋಯಿತು. ಇನ್ನರ್ಧ ತಂತ್ರಾಂಶದ ‘ಬಫರ್’ನಲ್ಲಿತ್ತು. ಸೆಕೆಂಡಿಗೆ 44,100 ಮಾದರಿಗಳ ಲೆಕ್ಕದಲ್ಲಿ 1,024 ಮಾದರಿ ಕೂಡಿಟ್ಟು ಕಳಿಸಿದರೆ 23 ಮಿಲಿಸೆಕೆಂಡ್ ತಡ; 256ಕ್ಕೆ ಇಳಿಸಿದರೆ ಆರಕ್ಕಿಂತ ಕಡಿಮೆ. ಅಷ್ಟು ಹೊತ್ತಿನಲ್ಲಿ ಗಾಳಿಯಲ್ಲಿ ಶಬ್ದ ಎರಡು ಮೀಟರ್ ಸಾಗುತ್ತದೆ. ಪಕ್ಕವಾದ್ಯದವರು ವೇದಿಕೆಯ ಮೇಲೆ ಅಷ್ಟು ದೂರದಲ್ಲಿ ಕೂರುವುದಿಲ್ಲವೆ?

ಹಳೆಯ 25 ಕೀಲಿಯದು ಈಗ ನಮ್ಮ ಶಾಲೆಯಲ್ಲಿದೆ. 69ನ್ನು ಒತ್ತಿ 440, 81ನ್ನು ಒತ್ತಿ 880 ಎಂದು ತೋರಿಸುತ್ತೇನೆ. ಮಕ್ಕಳು ದೀಪದ ಚೌಕಗಳನ್ನು ನೋಡುತ್ತಾರೆ. ಮನೆಯಲ್ಲಿ ಮಗಳು ಮೊದಲು ಬಾಯಲ್ಲಿ ಗುನುಗಿ, ಆಮೇಲೆ ಅದನ್ನೇ ಚಕ್ರದಲ್ಲಿ ಹುಡುಕುತ್ತಾಳೆ. ಬಾಗಿಲು ಹಾಕಿರುತ್ತದೆ; ಗುನುಗು ಮಾತ್ರ ನಮಗೆ ಕೇಳುತ್ತದೆ, ಏಕೆಂದರೆ ಉಳಿದದ್ದು ಹೆಡ್‌ಫೋನಿನೊಳಗೆ. ನನ್ನಾಕೆ ಒಗ್ಗರಣೆ ತಡೆಹಿಡಿದು ಕಿವಿಗೊಡುವುದನ್ನು ನೋಡಿದ್ದೇನೆ.

ಈಗ ಕಾಲಲ್ಲಿ ಒತ್ತುವ ಪೆಡಲ್ ಬೇಕಂತೆ. ಸಂಬಳ ಬರಲಿ ಎಂದಿದ್ದೇನೆ. ಈ ಸಲ ಅವಳೇ ಹೋಗಿ ತರಲಿ.