ಸ್ಥಳಾಂತರವೂ ಸಂರಕ್ಷಣೆಯೂ

ಇಂಥ ಸಂಚಿಕೆಗಳಲ್ಲಿ ಪರೀಕ್ಷೆಯ ಫಲಿತಾಂಶ, ಕಟ್ಟಡದ ದುರಸ್ತಿ, ಆಟೋಟಗಳ ಬಹುಮಾನ ಇವುಗಳ ವಿಷಯವಾಗಿ ಬರೆಯುವದು ವಾಡಿಕೆ. ಈ ಸಾರಿ ನಾವು ಹೊರಗಿನವರ ಕಣ್ಣಿಗೆ ಬೀಳದ ಒಂದು ಕೆಲಸವನ್ನು ಕುರಿತು ನಾಲ್ಕು ಮಾತು ಬರೆಯಲಿಚ್ಛಿಸುತ್ತೇವೆ. ಅದೇನಂದರೆ, ಶಾಲೆಯ ಕಂಪ್ಯೂಟರಿನಲ್ಲಿದ್ದ ಕಡತಗಳನ್ನು ಎರಡನೆಯ ಹಾರ್ಡ್ ಡಿಸ್ಕಿಗೆ ಸಾಗಿಸಿದ ಕೆಲಸ. ಇದು ಯಂತ್ರ ಬಲ್ಲವರ ಮಾತು, ನಮಗೇಕೆ ಎಂದು ಯಾರೂ ಪುಟವನ್ನು ಮಗುಚಬಾರದು. ಯಾಕಂದರೆ ಆ ಕಡತಗಳಲ್ಲಿ ಇರುವದು ನಿಮ್ಮ ಹೆಸರುಗಳೇ.

ನಮ್ಮ ತುರ್ವಿಹಾಳದ ಕಡೆಯ ಹೆಣ್ಣುಮಗಳಿಗೆ ಮದುವೆಯಾದ ಮೇಲೆ ಮನೆತನ ಬೇರೆ, ಊರು ಬೇರೆ ಆಗುವದುಂಟು. ಇಂಥವಳು ಇಂಥ ದಿನ ಹುಟ್ಟಿದಳು, ಇಂಥ ಊರಿನವಳು, ಇಂಥ ತರಗತಿಯವರೆಗೆ ಓದಿದಳು ಎಂದು ಸಾಕ್ಷಿ ನುಡಿಯುವ ಬರಹವು ಅನೇಕರ ಪಾಲಿಗೆ ಶಾಲೆಯ ದಾಖಲಾತಿ ವಹಿಯೊಂದೇ. 2012ರ 98ನೆಯ ತಿದ್ದುಪಡಿಯಿಂದ ಸಂವಿಧಾನಕ್ಕೆ 371(ಜೆ) ವಿಧಿಯು ಸೇರಿ, ಕಲ್ಯಾಣ ಕರ್ನಾಟಕದವರಿಗೆ ಶಿಕ್ಷಣದಲ್ಲಿಯೂ ಸರಕಾರಿ ನೌಕರಿಯಲ್ಲಿಯೂ ಮೀಸಲಾತಿ ದೊರೆತ ಮೇಲಂತೂ ವ್ಯಾಸಂಗ ಪ್ರಮಾಣಪತ್ರವನ್ನು ಕೇಳಿಕೊಂಡು ಬರುವವರು ಹೆಚ್ಚಿದ್ದಾರೆ. ಕಳೆದ ವರ್ಷ ಒಬ್ಬಾಕೆಯು ಕಂಕುಳಲ್ಲಿ ಕೂಸನ್ನು ಎತ್ತಿಕೊಂಡು, ಅರ್ಜಿಯ ಅವಧಿಗೆ ಒಂದೇ ದಿನ ಉಳಿದಿರಲು, ಬಂದಳು. ಅವಳ ಹೆಸರಿದ್ದ ಪುಟವನ್ನು ಗೆದ್ದಲು ಅರ್ಧ ತಿಂದಿತ್ತು. ಆದರೆ ಗೆದ್ದಲು ಹತ್ತುವದಕ್ಕೆ ಮುಂಚೆಯೇ ವಹಿಗಳನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಇರಿಸಿದ್ದೆವಾದಕಾರಣ, ಉಳಿದ ಅರ್ಧದೊಡನೆ ಅದನ್ನು ಹೋಲಿಸಿ ನೋಡಿ, ಅವಳು ನೀರು ಕುಡಿದು ಕೂಸನ್ನು ಸಮಾಧಾನಪಡಿಸುವಷ್ಟರೊಳಗೆ ಕಾಗದವನ್ನು ಕೈಯಲ್ಲಿಟ್ಟೆವು. ಅವಳು ಹೋದ ಮೇಲೆ ನಾವೂ ಗುಮಾಸ್ತೆಯೂ ಆ ಯಂತ್ರವನ್ನು ಬಹಳ ಹೊತ್ತು ನೋಡುತ್ತಾ ಕುಳಿತೆವು. ಅದರಲ್ಲಿದ್ದದ್ದು ಒಂದೇ ಡಿಸ್ಕು. ಅದರಲ್ಲಿಯೂ ಜಾಗ ತೀರಿ ಕೆಂಪು ಗೆರೆ ಕಾಣುತ್ತಿತ್ತು.

ಡಿಸ್ಕೆಂಬುವದು ಏನೆಂದು ತಿಳಿಯದವರಿಗೆ ಒಂದು ಮಾತು. ಕಾಂತಲೇಪನವುಳ್ಳ ತಟ್ಟೆಗಳು ಮುಚ್ಚಿದ ಪೆಟ್ಟಿಗೆಯಲ್ಲಿ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರಲು, ಕೂದಲೆಳೆಗಿಂತಲೂ ಕಡಿಮೆ ಅಂತರದಲ್ಲಿ ತೇಲುವ ಒಂದು ಮೊನೆಯು ಅವುಗಳ ಮೇಲೆ ಬರೆಯುತ್ತದೆ, ಓದುತ್ತದೆ. ನಮ್ಮ ರಾಯಚೂರು ಜಿಲ್ಲೆಯು ಹೈದರಾಬಾದು ರಾಜ್ಯದ ನಂಟನ್ನು ಕಳಚಿ ಮೈಸೂರು ರಾಜ್ಯಕ್ಕೆ ಸೇರಿದ 1956ನೆಯ ಇಸವಿಯಲ್ಲಿಯೇ ಐಬಿಎಂ ಕಂಪೆನಿಯವರು ಇಂಥ ಯಂತ್ರವನ್ನು ಮೊದಲು ಹೊರತಂದರು. ಅದರಲ್ಲಿ 24 ಅಂಗುಲ ಅಗಲದ 50 ತಟ್ಟೆಗಳಿದ್ದವು. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಈಗ ಅಂಗೈಯಷ್ಟು ಪೆಟ್ಟಿಗೆಯು ಅದರ ಲಕ್ಷಪಾಲು ಹಿಡಿಸುತ್ತದೆ. ಆದರೂ ತಿರುಗುವ ಯಾವ ವಸ್ತುವೂ ಒಂದು ದಿನ ನಿಲ್ಲದೆ ಇರದು. ನಮ್ಮ ಸೀಮೆಯ ಬೇಸಿಗೆಯ ಉರಿಯೂ ಹೇಳದೆ ಕೇಳದೆ ಹೋಗುವ ವಿದ್ಯುತ್ತೂ ಆ ದಿನವನ್ನು ಹತ್ತಿರ ತರಬಲ್ಲವು.

ಆದಕಾರಣ ರಜೆಯಲ್ಲಿ ಎರಡನೆಯ ಡಿಸ್ಕನ್ನು ಹಾಕಿಸಿ, ಶಿಕ್ಷಕಿಯರಿಬ್ಬರೊಡನೆ ನಾವು ಕೆಲಸಕ್ಕೆ ತೊಡಗಿದೆವು. ಕಡತವನ್ನು ಒಂದೇ ಡಿಸ್ಕಿನಲ್ಲಿ ಆಚೀಚೆ ಸರಿಸಿದರೆ ಯಂತ್ರವು ಹೆಸರಿನ ಪಟ್ಟಿಯಲ್ಲಿ ವಿಳಾಸವನ್ನು ಮಾತ್ರ ತಿದ್ದುತ್ತದೆ. ಒಂದು ಡಿಸ್ಕಿನಿಂದ ಇನ್ನೊಂದಕ್ಕೆ ಸರಿಸಿದರೆ ಹಾಗಲ್ಲ. ಮೊದಲು ಅಲ್ಲಿ ಪ್ರತಿ ಮಾಡಿ, ಆಮೇಲೆ ಇಲ್ಲಿಯದನ್ನು ಅಳಿಸುತ್ತದೆ. ಈ ಅಳಿಸುವ ಕೆಲಸವನ್ನು ಯಂತ್ರದ ಕೈಗೆ ಬಿಡಬಾರದೆಂದು ನಿಶ್ಚಯಿಸಿದೆವು. ನಾವು ಮಿಷನ್ ಶಾಲೆಯಲ್ಲಿ ಓದುತ್ತಿದ್ದಾಗ ಪ್ರಬಂಧದ ಶುದ್ಧಪ್ರತಿಯನ್ನು ಬರೆದ ಮೇಲೆ, ಜೊತೆಯವಳೊಬ್ಬಳು ಕಚ್ಚಾಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಬರೆದವಳು ಶುದ್ಧಪ್ರತಿಯ ಮೇಲೆ ಬೆರಳಿಟ್ಟು ನೋಡಬೇಕು, ಆ ಮೇಲೆಯೇ ಕಚ್ಚಾ ಕಾಗದವನ್ನು ಹರಿಯಬೇಕು ಎಂಬ ಕಟ್ಟಳೆ ಇತ್ತು. ಇಲ್ಲಿಯೂ ಅದನ್ನೇ ನಡಿಸಿದೆವು.

ಸಾಗಿಸತಕ್ಕವು ಯಾವವು, ಬಿಡತಕ್ಕವು ಯಾವವು ಎಂಬುವದನ್ನು ಮೊದಲೇ ಬರೆದುಕೊಂಡೆವು. ವಿಂಡೋಸ್ ಎಂಬ ಮೂಲವ್ಯವಸ್ಥೆಯನ್ನೂ ಅದರಲ್ಲಿ ಸ್ಥಾಪಿಸಿದ ತಂತ್ರಾಂಶಗಳನ್ನೂ ಇದ್ದಲ್ಲಿಯೇ ಬಿಡಬೇಕು. ಬಾಚಿ ಅತ್ತ ಹಾಕಿದರೆ ಅವು ನಡೆಯುವದಿಲ್ಲ. ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್ ಮೊದಲಾದ ಕೋಶಗಳನ್ನು ಸಾಗಿಸಬಹುದು. ಡಿ ಡಿಸ್ಕಿನಲ್ಲಿ ಒಂದೊಂದಕ್ಕೂ ಬೇರೆ ಬೇರೆ ಕೋಶವನ್ನು ಮಾಡಿ, ಹಳೆಯ ಕೋಶದ ಪ್ರಾಪರ್ಟೀಸ್‌ನಲ್ಲಿ ಲೊಕೇಶನ್ ಎಂಬ ಪುಟವನ್ನು ತೆರೆದು, ಹೊಸ ವಿಳಾಸವನ್ನು ಕೊಟ್ಟರೆ, ಅಂದಿನಿಂದ ಬರೆಯುವ ಕಡತಗಳೂ ತಾವಾಗಿಯೇ ಅಲ್ಲಿಗೆ ಹೋಗುತ್ತವೆ. ಎರಡು ಕೋಶಗಳಿಗೆ ಒಂದೇ ವಿಳಾಸವನ್ನು ಕೊಟ್ಟರೆ ಮಾತ್ರ ಜೋಳವೂ ಸಜ್ಜೆಯೂ ಬೆರೆತಂತೆ ಆಗಿ, ಬೇರ್ಪಡಿಸುವದು ಬಹು ಕಷ್ಟ. ಡೆಸ್ಕ್‌ಟಾಪಿನ ಮೇಲೆ ಕಾಣುವ ಗುರುತುಗಳಲ್ಲಿ ಕೆಲವು ಕಡತಗಳೇ ಅಲ್ಲ, ಕಡತವಿರುವ ದಾರಿಯನ್ನು ತೋರುವ ಕೈಮರಗಳು; ಕೈಮರವನ್ನು ಹೊತ್ತುಕೊಂಡು ಹೋದರೆ ಊರು ಹಿಂದೆಯೇ ಉಳಿಯುತ್ತದೆ.

ಇದಲ್ಲದೆ ಕಣ್ಣಿಗೆ ಕಾಣದವುಗಳೂ ಉಂಟು. ಅಂಚೆಯ ಪತ್ರಗಳು, ಬ್ರೌಸರಿನ ಗುರುತುಗಳು, ತಂತ್ರಾಂಶಗಳ ಸಿದ್ಧತೆಗಳು ಇವು ಆ್ಯಪ್‌ಡೇಟಾ ಎಂಬ ಮರೆಯ ಕೋಶದಲ್ಲಿ ಇರುವವು. ಅವುಗಳ ಪ್ರತಿಯನ್ನು ಮಾಡಿ, ಮೂಲವನ್ನು ಅಲ್ಲಿಯೇ ಇರಗೊಟ್ಟೆವು. ಕನ್ನಡದವರು ಮರೆಯಬಾರದ ಮಾತೊಂದು ಇನ್ನೂ ಉಂಟು. ನಮ್ಮ ಹಳೆಯ ಕಡತಗಳು ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶದ ಹಳೆಯ ಅಕ್ಷರಮಾದರಿಯಲ್ಲಿ ಬರೆದವು. ಆ ಫಾಂಟು ಇಲ್ಲದ ಯಂತ್ರದಲ್ಲಿ ತೆರೆದರೆ ನಿಮ್ಮ ಹೆಸರುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ತೋರುವವು. ಆದಕಾರಣ ಫಾಂಟುಗಳನ್ನೂ ಜೊತೆಗಿರಿಸಿ, ಮುಖ್ಯ ಕಡತಗಳನ್ನು ಯೂನಿಕೋಡಿಗೆ ಮಾರ್ಪಡಿಸಿ, ಪಿಡಿಎಫ್ ರೂಪದಲ್ಲಿಯೂ ಇಟ್ಟೆವು.

ಪ್ರತಿಯಾದ ಮೇಲೆ ಎರಡೂ ಕಡೆಯ ಕಡತಗಳ ಸಂಖ್ಯೆಯನ್ನೂ ಒಟ್ಟು ಗಾತ್ರವನ್ನೂ ಹೋಲಿಸಿದೆವು. ಅಷ್ಟಕ್ಕೇ ತೃಪ್ತರಾಗದೆ ಪ್ರತಿ ವರ್ಷದ ವಹಿಯಲ್ಲಿ ಒಂದೊಂದು ಪುಟವನ್ನು ತೆರೆದು, ಒಬ್ಬ ಶಿಕ್ಷಕಿಯು ಕಾಗದದಿಂದ ಹೆಸರನ್ನು ಓದಲು ಇನ್ನೊಬ್ಬರು ಪರದೆಯ ಮೇಲೆ ನೋಡಿದರು. ಓದುತ್ತಾ ಓದುತ್ತಾ ಒಬ್ಬರು ತಮ್ಮ ತಾಯಿಯ ಹೆಸರಿಗೆ ಬಂದು ಧ್ವನಿ ತಗ್ಗಿಸಿದರು. ಆ ತಾಯಿಯು ಈಗಿಲ್ಲ. ಆಕೆಯ ತಂದೆಯ ಹೆಬ್ಬೆಟ್ಟಿನ ಗುರುತು ಆ ಪುಟದಲ್ಲಿ ಉಂಟು.

ಕೆಲಸ ಮುಗಿದಾಗ, ಇನ್ನು ಭಯವಿಲ್ಲವಷ್ಟೆ ಎಂದು ಒಬ್ಬ ಪೋಷಕರು ಕೇಳಿದರು. ಈ ಪ್ರಶ್ನೆಗಾಗಿಯೇ ನಾವು ಈ ಲೇಖನವನ್ನು ಬರೆಯುತ್ತಿರುವದು. ಕಡತವನ್ನು ಸಿ ಡಿಸ್ಕಿನಿಂದ ತೆಗೆದು ಡಿ ಡಿಸ್ಕಿನಲ್ಲಿ ಇಟ್ಟರೆ ಅದು ಸ್ಥಳಾಂತರವೇ ಹೊರತು ಸಂರಕ್ಷಣೆಯಲ್ಲ. ಮೊದಲು ಒಂದಿತ್ತು, ಈಗಲೂ ಒಂದೇ ಇರುವದು. ಮನೆ ಮಾತ್ರ ಬದಲಾಯಿತು. ಅಲ್ಲದೆ ಎರಡು ಡಿಸ್ಕುಗಳೂ ಒಂದೇ ಪೆಟ್ಟಿಗೆಯೊಳಗಿರುವದರಿಂದ, ಅಲ್ಲಿ ಎರಡು ಪ್ರತಿಗಳನ್ನಿಟ್ಟರೂ ಸಿಡಿಲು ಹೊಡೆದರೆ, ಕಳ್ಳನು ಹೊತ್ತರೆ, ಎರಡೂ ಕೂಡಿಯೇ ಹೋಗುವವು. ನಮ್ಮ ಹಿರಿಯರು ಜೋಳವನ್ನು ಹಗೇವಿನಲ್ಲಿ ತುಂಬುವಾಗ ಬಿತ್ತನೆಯ ಕಾಳನ್ನು ಬೇರೆ ಕಡೆ ಇಡುತ್ತಿದ್ದರು. ಒಂದು ಹಗೇವಿಗೆ ನೀರು ಇಳಿದರೂ ಮುಂದಿನ ಬೆಳೆ ಉಳಿಯಬೇಕಲ್ಲವೇ!

ಇದಕ್ಕೆ ದೊಡ್ಡ ಸಾಕ್ಷಿಯು ನಮಗೆ ದೂರವಲ್ಲದ ಮಸ್ಕಿಯ ಬಂಡೆಯ ಮೇಲಿದೆ. 1915ರಲ್ಲಿ ಅಲ್ಲಿ ದೊರೆತ ಶಾಸನದಲ್ಲಿ ಅಶೋಕನೆಂಬ ಹೆಸರೇ ಇರುವದು. ಆಗ ತಿಳಿದಿದ್ದ ಬೇರೆ ಪ್ರತಿಗಳಲ್ಲಿ ದೇವಾನಾಂಪ್ರಿಯನೆಂಬ ಬಿರುದಿತ್ತು, ಹೆಸರಿರಲಿಲ್ಲ. ಇತ್ತ ಮಸ್ಕಿಯ ಅಕ್ಷರಗಳಲ್ಲಿ ಅನೇಕವು ಸವೆದಿದ್ದವು; ಅವುಗಳನ್ನು ಓದುವದಕ್ಕೆ ಬೇರೆ ಕಡೆಯ ಪ್ರತಿಗಳೇ ನೆರವಾದವು. ಒಂದರ ಕೊರತೆಯನ್ನು ಇನ್ನೊಂದು ತುಂಬಿತು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ 1000 ಓಲೆಪ್ರತಿಗಳನ್ನು ಬರೆಯಿಸಿ ಹಂಚಿದಳೆಂಬುವದು ಕನ್ನಡಿಗರೆಲ್ಲರೂ ಬಲ್ಲ ಮಾತು. ಗ್ರಂಥವನ್ನು ಒಂದು ಪೆಟ್ಟಿಗೆಯಿಂದ ಮತ್ತೊಂದು ಪೆಟ್ಟಿಗೆಗೆ ಇಟ್ಟಿದ್ದರೆ ಆಕೆಯನ್ನು ಯಾರು ನೆನೆಯುತ್ತಿದ್ದರು?

ಆದಕಾರಣ ನಾವು ಮೂರನೆಯ ಪ್ರತಿಯೊಂದನ್ನು ಹೊರಡಿಸ್ಕಿನಲ್ಲಿ ಮಾಡಿ, ಗುಪ್ತಪದದ ಕಾವಲಿಟ್ಟು, ಬೇರೊಂದು ಕಟ್ಟಡದಲ್ಲಿ ಬೀಗದೊಳಗೆ ಇರಿಸಿದ್ದೇವೆ. ಪ್ರತಿ ತಿಂಗಳ ಮೊದಲನೆಯ ಶನಿವಾರ ಅದನ್ನು ತಂದು ಹೊಸ ಕಡತಗಳನ್ನು ಸೇರಿಸಿ, ಹಳೆಯ ಒಂದೆರಡನ್ನು ತೆರೆದು ನೋಡಿ, ಪುನಃ ಕಳುಹಿಸುತ್ತೇವೆ. ಮೂಲ ವಹಿಗಳನ್ನೂ ಕಬ್ಬಿಣದ ಕಪಾಟಿಗೆ ಸೇರಿಸಿದ್ದಾಗಿದೆ.

ಇನ್ನು ನಿಮ್ಮಲ್ಲಿ ನಮ್ಮದೊಂದು ಕೋರಿಕೆ. ನಿಮ್ಮ ಮನೆಯ ಕಂಪ್ಯೂಟರಿನಲ್ಲಿ, ಇಲ್ಲವೆ ಕೈಯ ಫೋನಿನಲ್ಲಿ, ಮಕ್ಕಳ ಜನನಪತ್ರ, ಅಂಕಪಟ್ಟಿ, ತೀರಿಹೋದ ಹಿರಿಯರ ಭಾವಚಿತ್ರ ಒಂದೇ ಕಡೆ ಇದ್ದರೆ, ಈ ಸಂಚಿಕೆಯನ್ನು ಕೆಳಗಿಟ್ಟ ಕೂಡಲೆ ಇನ್ನೊಂದು ಪ್ರತಿಯನ್ನು ಮಾಡಿ ಬೇರೆ ಮನೆಯಲ್ಲಿ ಇಡಿರಿ. ನಿಮ್ಮ ವರ್ಗಾವಣೆ ಪತ್ರವೋ ತರಗತಿಯ ಚಿತ್ರವೋ ನಿಮ್ಮಲ್ಲಿದ್ದರೆ ಅದರದೊಂದು ನೆರಳಚ್ಚನ್ನು ಶಾಲೆಗೂ ಕಳುಹಿಸಿರಿ. ಕೆಲವು ವರ್ಷಗಳ ವಹಿಗಳಲ್ಲಿ ಗೆದ್ದಲು ತಿಂದ ಜಾಗಗಳು ಇನ್ನೂ ಬರಿದಾಗಿವೆ. ಅವುಗಳನ್ನು ತುಂಬಬಲ್ಲ ಪ್ರತಿಯು ನಿಮ್ಮಲ್ಲಿ ಯಾರದಾದರೂ ಟ್ರಂಕಿನ ತಳದಲ್ಲಿ ಇದ್ದೀತು.