ಕಾಲು ತೊಲೆಯ ಕಂಪು

'ಅಗ್ಗದ ಸೆಂಟು' ಎಂಬ ಮಾತು ನಮ್ಮಲ್ಲಿ ಬೈಗುಳದ ಸಾಲಿಗೆ ಸೇರಿಹೋಗಿದೆ. ಅಗ್ಗದ ಅಕ್ಕಿ ಎಂದರೆ ಯಾರಿಗೂ ಸಿಟ್ಟು ಬರುವುದಿಲ್ಲ. ಅಗ್ಗದಲ್ಲಿ ಬಟ್ಟೆ ತಂದವನನ್ನು ಜಾಣನೆಂದು ಹೊಗಳುವವರೂ ಉಂಟು. ಆದರೆ ಒಬ್ಬನ ಮೈಯಿಂದ ಅಗ್ಗದ ಸೆಂಟಿನ ವಾಸನೆ ಬಂದಿತೆಂದು ಹೇಳಿ ನೋಡಿ: ಮಾತು ಸೀಸೆಯನ್ನು ಬಿಟ್ಟು ಮನುಷ್ಯನಿಗೆ ಅಂಟಿಕೊಳ್ಳುತ್ತದೆ. ಅವನ ಮನೆತನ, ಓದು, ಅಭಿರುಚಿ ಎಲ್ಲವನ್ನೂ ಒಂದೇ ಉಸಿರಿಗೆ ಅಳೆದು ಮುಗಿಸಿದಂತೆ. ಕೋಪ ಮೂಗಿನ ತುದಿಯಲ್ಲಿರುತ್ತದೆ ಎನ್ನುತ್ತಾರೆ. ಗರ್ವದ ವಾಸಸ್ಥಾನವೂ ಅದೇ ಇರಬೇಕೆಂದು ನನಗೆ ಬಹಳ ದಿನದಿಂದ ಅನುಮಾನ.

ರಾಯಚೂರಿನ ಬಜಾರಿನಲ್ಲಿ ನಾನು ವರ್ಷಕ್ಕೆ ಎರಡು ಮೂರು ಸಲ ಹೋಗುವ ಒಂದು ಅತ್ತರಿನ ಅಂಗಡಿಯಿದೆ. ಇಬ್ಬರು ಗಿರಾಕಿಗಳು ನಿಂತರೆ ಮೂರನೆಯವನು ಬೀದಿಯಲ್ಲಿ ಕಾಯಬೇಕು, ಅಷ್ಟೇ ಜಾಗ. ಒಂದು ಕಡೆ ಟೋಪಿ, ಸುರ್ಮಾ, ಊದಿನಕಡ್ಡಿ. ಇನ್ನೊಂದು ಕಡೆ ಗಾಜಿನ ಬಿರಡೆ ಹಾಕಿದ ಸೀಸೆಗಳ ಸಾಲು. ಅಲ್ಲಿ ಲೆಕ್ಕ ಇನ್ನೂ ತೊಲೆಯದೇ. ದಶಮಾನ ಪದ್ಧತಿ ಬಂದು ಎಷ್ಟು ಕಾಲವಾದರೇನು, ಚಿನ್ನ ಮತ್ತು ಅತ್ತರು ಹಳೆಯ ಮಾತನ್ನೇ ಆಡುತ್ತವೆ. ತೊಲೆಯೆಂದರೆ 11.66 ಗ್ರಾಂ, ಕಾಲು ತೊಲೆಯ ಸೀಸೆ ಹಿಡಿಯುವುದು ಸುಮಾರು 3 ಮಿಲಿಲೀಟರು, ನಿಮ್ಮ ಕಿರುಬೆರಳಿನಷ್ಟೂ ಇಲ್ಲ. ನಾನು ಕೊಳ್ಳುವುದು ಒಂದೇ ಬಗೆ. ಬಿಚ್ಚಿದೊಡನೆ ಕಿತ್ತಳೆಯ ಸಿಪ್ಪೆ ಹಿಂಡಿದಂತೆ ಸಿಹಿಯಾಗಿ ಏಳುತ್ತದೆ; ಆಮೇಲೆ ಮೆಲ್ಲಗೆ ಒಣಕಟ್ಟಿಗೆಯ, ಹಳೆಯ ಪೆಟ್ಟಿಗೆಯ ವಾಸನೆಗೆ ಇಳಿಯುತ್ತದೆ. ಕಳೆದ ಸಲ ಕೊಟ್ಟದ್ದು 80 ರೂಪಾಯಿ. ಅಂಗಡಿಯವರು ಗಾಜಿನ ಕಡ್ಡಿಯಿಂದ ಮುಂಗೈಗೆ ಒಂದು ಗೆರೆ ಎಳೆದು ಪ್ರತಿಸಲವೂ ಒಂದೇ ಮಾತು ಹೇಳುತ್ತಾರೆ: "ಈಗ ಮೂಸಬ್ಯಾಡ್ರಿ ಸರ. ಬಜಾರದಾಗ ಒಂದ್ ಸುತ್ತು ಹಾಕ್ಕೊಂಡ್ ಬರ್ರಿ, ಆಮ್ಯಾಲ ಮೂಸ್ರಿ." ಮಾಲು ಮಾರುವ ಮೊದಲು ಗಿರಾಕಿಯನ್ನು ಹೊರಗೆ ಕಳಿಸುವ ವ್ಯಾಪಾರಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಆ ಒಂದು ಸುತ್ತಿನಲ್ಲಿ ರಸಾಯನಶಾಸ್ತ್ರದ ಒಂದು ಪಾಠವೇ ಇದೆ. ಕಿತ್ತಳೆಯ ಸಿಪ್ಪೆಯ ಎಣ್ಣೆಯಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಪಾಲು ಲಿಮೊನೀನ್ ಎಂಬ ಹಗುರ ದ್ರವ್ಯ. ಹಗುರವಾದ್ದರಿಂದ ಬೇಗ ಹಾರುತ್ತದೆ. ಗಂಧದೆಣ್ಣೆಯ ಜೀವವಾದ ಸ್ಯಾಂಟಲಾಲ್ ಅದಕ್ಕಿಂತ ಭಾರ. ಅದು ಚರ್ಮವನ್ನು ಅಷ್ಟು ಸುಲಭವಾಗಿ ಬಿಡದು. ಮೇ ತಿಂಗಳಲ್ಲಿ ಉಷ್ಣಮಾಪಕ 40 ಡಿಗ್ರಿ ದಾಟುವ ನಮ್ಮ ಊರಿನಲ್ಲಂತೂ, ಮನೆಗೆ ಬೀಗ ಹಾಕಿ ರಸ್ತೆಗೆ ಬರುವಷ್ಟರಲ್ಲಿ ಕಿತ್ತಳೆ ಅರ್ಧ ದಾರಿ ಹೋಗಿರುತ್ತದೆ. ಸಂಜೆ ಅಂಗಿ ಕಳಚುವಾಗ ಉಳಿದಿರುವುದು ಕಟ್ಟಿಗೆ.

ಕನ್ನಡದಲ್ಲಿ ಗಂಧವೆಂದರೆ ವಾಸನೆಯೂ ಹೌದು, ಆ ಮರವೂ ಹೌದು. ವಾಸನೆಗೆ ಇನ್ನೊಂದು ಮರದ ಹೆಸರು ನಮಗೆ ಹೊಳೆಯಲೇ ಇಲ್ಲ. ನಮ್ಮ ಸೀಮೆಗೆ ಪರಿಮಳದ ವಿದ್ಯೆಯೇನೂ ಹೊಸದಲ್ಲ. ಚಾಲುಕ್ಯರ ಕಾಲದಲ್ಲಿ, ಸುಮಾರು 1025ರಲ್ಲಿ, ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆ, ಬಾವಿ, ಬೇಸಾಯಗಳ ಜೊತೆಗೆ ಸುಗಂಧದ್ರವ್ಯ ಮಾಡುವ ವಿಧಾನಕ್ಕೂ ಜಾಗ ಸಿಕ್ಕಿದೆ. ವಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್‌ಶಹನಿಗಾಗಿ 'ಇತ್ರ್-ಇ-ನವರಸ್ ಶಾಹಿ' ಎಂಬ ಪಾರಸಿ ಗ್ರಂಥವೇ ಹುಟ್ಟಿತು. ಅತ್ತರೊಂದೇ ಅದರ ವಿಷಯ. ಅರಸರ ಮಾತು ಹಾಗಿರಲಿ. ಹಣವಿಲ್ಲದವನ ಪಾಲಿಗೆ ಬಂದದ್ದು ಬೆರಳ ತುದಿಯಷ್ಟು: ದಾಸರ ಆರಾಧನೆಯಲ್ಲಿ ಹಣೆಗಿಟ್ಟ ಗಂಧ, ಉರುಸಿನಲ್ಲಿ ತಲೆಯ ಮೇಲೆ ಹೊತ್ತು ತಂದ ಗಂಧ. ಎರಡೂ ಪುಕ್ಕಟೆ, ಎರಡೂ ವರ್ಷಕ್ಕೊಮ್ಮೆ.

ಉಳಿದ ದಿನಗಳಲ್ಲಿ ಮರ ಅರಸನದೇ ಆಗಿತ್ತು. ಮೈಸೂರು ಸೀಮೆಯಲ್ಲಿ ಟಿಪ್ಪುವಿನ ಕಾಲದಿಂದ ರಾಜವೃಕ್ಷ; ಮುಂದೆಯೂ ತನ್ನ ಹೊಲದಲ್ಲಿ ತಾನಾಗಿ ಎದ್ದ ಗಂಧದ ಮರ ರೈತನದಾಗಿರಲಿಲ್ಲ. 2001ರಲ್ಲಿ ಕಾಯಿದೆ ತಿದ್ದಿದ ಮೇಲೆ ಒಡೆತನ ಬಂತು. ಮಧ್ಯಮ ವರ್ಗದವರಿಗೆ ಆ ಮರವನ್ನು ಮೊದಲು ಮೈಗೆ ತಾಗಿಸಿದ್ದು ಸಾಬೂನು. ಮೊದಲ ಮಹಾಯುದ್ಧದಲ್ಲಿ ಗಂಧದ ಕಟ್ಟಿಗೆ ಯುರೋಪಿಗೆ ಸಾಗುವುದು ನಿಂತು, 1916ರಲ್ಲಿ ಮೈಸೂರು ಸಂಸ್ಥಾನ ಎಣ್ಣೆಯನ್ನು ತಾನೇ ತೆಗೆಯತೊಡಗಿದ್ದರ ಫಲ ಅದು. ನಮ್ಮ ಮನೆಯಲ್ಲಿ ಅದರ ಬಿಲ್ಲೆ ಹೊರಬರುತ್ತಿದ್ದುದು ದೀಪಾವಳಿಗೆ. ಸವೆದ ಮೇಲೆ ಸೀರೆಗಳ ನಡುವೆ ಮಲಗುತ್ತಿದ್ದುದು ಅದರ ಕಾಗದ.

ಕನೌಜಿನ ಅತ್ತರುಗಾರರು ತಾಮ್ರದ ಹಂಡೆಯಲ್ಲಿ ಹೂ ಬೇಯಿಸಿ ಅದರ ಹಬೆಯನ್ನು ಗಂಧದೆಣ್ಣೆಯೊಳಕ್ಕೇ ಇಳಿಸುತ್ತಿದ್ದರು. ಇಂದು ಗಂಧದೆಣ್ಣೆ ಕಿಲೋಗೆ ಲಕ್ಷ ರೂಪಾಯಿಯನ್ನು ದಾಟಿ ಹೋಗಿದೆ. 80 ರೂಪಾಯಿಯ ಸೀಸೆಯಲ್ಲಿ ಅದನ್ನು ಹುಡುಕುವವನು ಭೋಳೆ. ಬೆಂಗಳೂರಿನಲ್ಲಿರುವ ನನ್ನ ಸೋದರಳಿಯ ಇದನ್ನೇ ಹಿಡಿದು ವಾದಕ್ಕೆ ನಿಂತ: "ಮಾವ, ಅದೆಲ್ಲ ಕೆಮಿಕಲ್ಲು." ಅವನು ತಂದ ಸೀಸೆಗೆ ಆರು ಸಾವಿರ. ಒಳ್ಳೆಯ ವಾಸನೆ, ಸುಳ್ಳು ಹೇಳಲಾರೆ. ಆದರೆ ಅದರಲ್ಲಿಯೂ ಕಾಡು ಕಡಿದು ತುಂಬಿರಲಿಲ್ಲ. ಕಟ್ಟಿಗೆಯ ವಾಸನೆ ಕೊಡುವ ಐಸೊ ಇ ಸೂಪರ್ ಎಂಬ ದ್ರವ್ಯ ಕಾರ್ಖಾನೆಯ ಕೂಸು. ಅದೊಂದನ್ನೇ ಸೀಸೆಗೆ ಹಾಕಿ 'ಮಾಲಿಕ್ಯೂಲ್ 01' ಎಂಬ ಹೆಸರಿನಲ್ಲಿ 2006ರಿಂದ ಸಿರಿವಂತರಿಗೆ ಮಾರುತ್ತಿದ್ದಾರೆ. ಕೆಮಿಕಲ್ಲು ದುಬಾರಿಯಾದಾಗ ಅದಕ್ಕೆ ಕಲೆಯೆಂದು ಹೆಸರು. ಹಾಗೆಂದು ಅಗ್ಗದ್ದೆಲ್ಲ ಚೆನ್ನ ಎಂದು ನಾನು ವಕಾಲತ್ತು ವಹಿಸಿಲ್ಲ. ಅದೇ ಅಂಗಡಿಯ ಮಲ್ಲಿಗೆ ಹಚ್ಚಿಕೊಂಡರೆ ಅರ್ಧ ಗಂಟೆಯಲ್ಲಿ ತಲೆ ಹಿಡಿಯುತ್ತದೆ. ಕಿತ್ತಳೆಯದನ್ನೂ ಬಿಸಿಲಿಗಿಟ್ಟರೆ ಹುಳಿತ ವಾಸನೆ ಬರುತ್ತದೆ. ಕಪಾಟಿನ ಕತ್ತಲೆಯೇ ಅದಕ್ಕೆ ಕ್ಷೇಮ.

ದೇವದುರ್ಗದ ಒಂದು ಶಾಲೆಯಲ್ಲಿ ನಾನು ಮಾಸ್ತರನಾಗಿದ್ದಾಗ ಒಬ್ಬ ಹುಡುಗನಿದ್ದ. ಅವನ ತಂದೆ ಚಪ್ಪಲಿ ಹೊಲಿಯುವವರು. ಹುಡುಗನೂ ಬೆಳಿಗ್ಗೆ ತೊಗಲು ನೆನೆಹಾಕಿ ಶಾಲೆಗೆ ಬರುತ್ತಿದ್ದ. ಬೆಂಚಿನ ಮೇಲೆ ಉಳಿದ ಹುಡುಗರು ಅವನಿಂದ ಒಂದು ಗೇಣು ಸರಿದು ಕೂಡುವರು. ಅವರಿಗೆ ಮನೆಯಲ್ಲಿ ಕಲಿಸಿದ್ದೇ ಹಾಗೆ. ಮೂಗು ಬರಿಯ ನೆಪ. ಈ ಹುಡುಗ ಬಸ್ ನಿಲ್ದಾಣದ ಹಣ್ಣಿನ ಗಾಡಿಯ ಕೆಳಗೆ ಬಿದ್ದ ಕಿತ್ತಳೆ ಸಿಪ್ಪೆಯನ್ನು ಆಯ್ದು, ಎರಡೂ ಅಂಗೈಗೆ ತಿಕ್ಕಿಕೊಂಡು ಒಳಗೆ ಬರುತ್ತಿದ್ದ. ಪಾಟಿ ತೋರಿಸಲು ಹತ್ತಿರ ಬಂದರೆ ಘಮ್ಮೆಂದು ಕಿತ್ತಳೆ. ಎರಡನೆಯ ಪಿರಿಯಡ್ಡಿನ ಹೊತ್ತಿಗೆ ಅದು ಹಾರಿಹೋಗುವುದು. ಆಗ ಚಡ್ಡಿಯ ಜೇಬಿನಿಂದ ಇನ್ನೊಂದು ಚೂರು ತೆಗೆದು, ಬೆಂಚಿನ ಕೆಳಗೆ ಕೈಯಿಟ್ಟು, ಯಾರಿಗೂ ಕಾಣದಂತೆ ತಿಕ್ಕಿಕೊಳ್ಳುವನು. ದಿನಕ್ಕೆ ಎಷ್ಟು ಚೂರು ಬೇಕೆಂಬ ಲೆಕ್ಕ ಅವನಿಗೆ ಗೊತ್ತಿತ್ತು. ಅವನ ಬಳಿ ಇಲ್ಲದಿದ್ದದ್ದು ನಿಲ್ಲುವ ವಾಸನೆ. ಪರಿಮಳ ವಿಲಾಸದ ವಸ್ತು ಎಂದು ಯಾರಾದರೂ ಭಾಷಣ ಮಾಡಿದರೆ ನನಗೆ ಆ ಜೇಬು ನೆನಪಾಗುತ್ತದೆ.

ಹೋದ ಬೇಸಿಗೆಯಲ್ಲಿ ರಾಯಚೂರಿನಿಂದ ಮಾನ್ವಿಗೆ ಬಸ್ಸಿನಲ್ಲಿ ಹೊರಟಿದ್ದೆ. ಪಕ್ಕದಲ್ಲಿ ಒಬ್ಬ ತರುಣ, ಅವನಾಚೆ ಅವನ ಸೋದರಮಾವ. ತರುಣನದು ಇಸ್ತ್ರಿ ಮಾಡಿದ ಬಿಳಿ ಅಂಗಿ. ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ. ವಾಸನೆ ನನ್ನ ಸೀಸೆಯದೇ, ಆದರೆ ಅರ್ಧ ಸೀಸೆ ಸುರಿದುಕೊಂಡಂತಿತ್ತು. ಮುಂದಿನ ಸೀಟಿನವರೊಬ್ಬರು ತಿರುಗಿ ನೋಡಿ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡರು. ಹುಡುಗ ಅದನ್ನು ಕಂಡ. ಸ್ವಲ್ಪ ಹೊತ್ತು ಸುಮ್ಮನಿದ್ದು ನನ್ನ ಕಡೆ ಬಾಗಿ, "ವಾಸನಿ ಭಾಳ ಆತೇನ್ರಿ ಸರ?" ಎಂದ.

ಮಾತು ಬೆಳೆಯಿತು. ಅಕ್ಕಿ ಗಿರಣಿಯಲ್ಲಿ ಹಮಾಲಿ ಕೆಲಸ. ಹೆಣ್ಣು ನೋಡಲು ಹೊರಟಿದ್ದಾರೆ. "ತೌಡಿನ ಧೂಳು ಮೈಯಾಗ ಕುಂತಿರತೈತ್ರಿ. ಎಷ್ಟ್ ತಿಕ್ಕಿದ್ರೂ ಹೋಗಂಗಿಲ್ಲ. ಹುಡುಗಿ ಹತ್ತನೇತ್ತೆ ಓದ್ಯಾಳಂತ್ರಿ." ಆ ಮಾತಿನೊಳಗಿನ ಅಂಜಿಕೆಗೆ ಉತ್ತರ ನನ್ನ ಬಳಿ ಇರಲಿಲ್ಲ, ವಾಸನೆಯ ಮಟ್ಟಿಗೆ ಮಾತ್ರ ಇತ್ತು. "ಹತ್ತಿ ತೆಗೆದು ಜೇಬಿಗೆ ಹಾಕೊ. ಕಿಡಿಕಿ ತೆಗಿ. ಮಾನ್ವಿ ಮುಟ್ಟೂದ್ರಾಗ ಜೋರು ಇಳೀತದ, ಕಟ್ಟಿಗೀ ವಾಸನಿ ಅಷ್ಟ ಉಳೀತದ. ಅದು ಯಾರಿಗೂ ಕೆಟ್ಟನಸಂಗಿಲ್ಲ" ಎಂದೆ.

ಅವನು ಹಾಗೆಯೇ ಮಾಡಿದ. ಬಿಸಿಗಾಳಿ ಒಳಗೆ ನುಗ್ಗಿತು. ದಾರಿಯುದ್ದಕ್ಕೂ ಮಾವನದು ಒಂದೇ ಗೊಣಗಾಟ: ಸೆಂಟಿಗೆ ರೊಕ್ಕ ಹಾಕುವ ಬದಲು ಒಂದು ಕಿಲೋ ಪೇಢೆ ತರಬಹುದಿತ್ತು, ನಿಮ್ಮಪ್ಪ ನಮ್ಮ ಅಕ್ಕನನ್ನು ನೋಡಲು ಬಂದಾಗ ಬೆವರಿನಲ್ಲೇ ಬಂದಿದ್ದ, ಹೀಗೆ. ಊರು ಸಮೀಪಿಸಿ ಕಂಡಕ್ಟರು ಕೂಗಿದಾಗ ಆತ ಎದ್ದು ಧೋತರ ಸರಿಮಾಡಿಕೊಂಡು, ಅತ್ತ ಇತ್ತ ನೋಡಿ, ದನಿ ತಗ್ಗಿಸಿ ಅಳಿಯನಿಗೆ ಅಂದ:

"ಆ ಹತ್ತಿ ಎಲ್ಲಿ ಇಟ್ಟಿಯೋ? ನನಗೂ ಒಂದೀಟ ಹಚ್ಚು."